ಕ್ರೋನ್ಸ್ ಇದ್ದಾಗ ಹೊಸ ಕೆಲಸ, ಹೊಸ ಊರು: ಮೊದಲ ಕೆಲವು ತಿಂಗಳು ಸಂಭಾಳಿಸೋದು ಹೇಗೆ

ಕ್ರೋನ್ಸ್ ಅಂದ್ರೆ ಕರುಳಲ್ಲಿ ಉರಿಯೂತ ಆಗೋ ದೀರ್ಘಕಾಲದ ಕಾಯಿಲೆ, ನಂಗೂ ಇದೆ. ಹೊಸ ಕೆಲಸ ಸಿಕ್ತು, ಊರು ಬಿಡ್ಬೇಕು ಅಂತಾದ ಕೂಡ್ಲೇ ಮಾಡ್ಬೇಕಾದ ಮೊದಲನೇ ಕೆಲಸ ಬಟ್ಟೆ ಪ್ಯಾಕ್ ಮಾಡೋದಲ್ಲ, ಈಗಿನ ಗ್ಯಾಸ್ಟ್ರೋ ಡಾಕ್ಟರನ್ನ ಒಂದ್ಸಲ ನೋಡ್ಕೊಂಡು ಬರೋದು. ನಾನು ಇದನ್ನ ಮಾಡ್ಲಿಲ್ಲ. ಹೊಟ್ಟೆ ಚೆನ್ನಾಗೇ ಇತ್ತು, ಹೋದ್ಮೇಲೆ ನೋಡ್ಕೊಂಡ್ರಾಯ್ತು ಅಂದ್ಕೊಂಡೆ. ಹೊಸ ಊರಲ್ಲಿ ಡಾಕ್ಟರ್ ಮುಂದೆ ಕೂತಾಗ ಅವ್ರು ಕೇಳಿದ ಒಂದಕ್ಕೂ ನನ್ನತ್ರ ಕಾಗದ ಇರ್ಲಿಲ್ಲ, ಅರ್ಧ ಟೆಸ್ಟ್ ಮತ್ತೆ ಮಾಡಿಸ್ಬೇಕಾಯ್ತು, ಅಷ್ಟರಲ್ಲಿ ಇನ್ಫ್ಯೂಷನ್ (ಡ್ರಿಪ್‌ನಲ್ಲಿ ಕೊಡೋ ಔಷಧಿ) ಡೇಟ್ ದಾಟಿ ಹೋಗಿತ್ತು.

ಹಾಗಾಗಿ ಒಂದು ಫೈಲ್ ಮಾಡ್ಕೊಳ್ಳಿ. ಕೊಲೊನೋಸ್ಕೋಪಿ ಮತ್ತೆ ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್ ಆಗಿದ್ರೆ ಅದು, ಇತ್ತೀಚಿನ ರಕ್ತ ಪರೀಕ್ಷೆ, ಕರುಳಿನ ಉರಿಯೂತ ನೋಡೋ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್, ಬಯಾಲಜಿಕ್ (ಉರಿಯೂತ ತಗ್ಗಿಸೋಕೆ ಡ್ರಿಪ್ ಅಥವಾ ಇಂಜೆಕ್ಷನ್ನಲ್ಲಿ ಕೊಡೋ ಔಷಧಿ) ಶುರು ಮಾಡೋ ಮುಂಚೆ ಮಾಡಿಸಿದ ಟಿಬಿ ಮತ್ತೆ ಹೆಪಟೈಟಿಸ್ ಬಿ ಟೆಸ್ಟ್, ಹಾಕಿಸ್ಕೊಂಡಿರೋ ಲಸಿಕೆ ವಿವರ. ಇದೆಲ್ಲಕ್ಕಿಂತ ಮುಖ್ಯ ಒಂದು ಪುಟದ ಪತ್ರ: ಕಾಯಿಲೆ ಕರುಳಿನ ಯಾವ ಭಾಗದಲ್ಲಿದೆ, ಯಾವ ಔಷಧಿ ಯಾವಾಗಿಂದ ನಡೀತಿದೆ, ಯಾವುದು ಕೆಲಸ ಮಾಡ್ಲಿಲ್ಲ. ಎಲ್ಲದರ ಫೋಟೋ ಫೋನಲ್ಲೂ ಇರ್ಲಿ.

ಆಮೇಲೆ ಕ್ಯಾಲೆಂಡರ್ ಹಿಡ್ಕೊಂಡು ಕೂತ್ಕೊಳ್ಳಿ. ಇನ್ಫ್ಲಿಕ್ಸಿಮ್ಯಾಬ್ ಅನ್ನೋ ಬಯಾಲಜಿಕ್ ಡ್ರಿಪ್ ತಗೋತಿದ್ರೆ ಸಾಮಾನ್ಯವಾಗಿ ಮೊದಲ ಡೋಸ್ ಆದ್ಮೇಲೆ 2ನೇ ವಾರ, 6ನೇ ವಾರ, ಆಮೇಲೆ 8 ವಾರಕ್ಕೊಂದು. ಮಧ್ಯ ಗ್ಯಾಪ್ ಜಾಸ್ತಿಯಾದ್ರೆ ದೇಹ ಆ ಔಷಧಿ ವಿರುದ್ಧವೇ ಆ್ಯಂಟಿಬಾಡಿ ಮಾಡ್ಕೊಳ್ಳೋ ಸಾಧ್ಯತೆ ಇರತ್ತೆ, ಆಮೇಲೆ ಅದು ಕೆಲಸ ಮಾಡದೇನೂ ಹೋಗ್ಬಹುದು, ಹಾಗಾಗಿ ಜಾಯಿನಿಂಗ್ ವಾರಕ್ಕೇ ಡೋಸ್ ಬಂದ್ರೆ ಏನು ಮಾಡೋದು ಅಂತ ಈಗ್ಲೇ ಕೇಳಿ. ಅಡಾಲಿಮ್ಯಾಬ್ ಅನ್ನೋ ಇನ್ನೊಂದು ಬಯಾಲಜಿಕ್ ಇಂಜೆಕ್ಷನ್ನನ್ನ 2ರಿಂದ 8 ಡಿಗ್ರಿಯಲ್ಲಿ ಇಡ್ಬೇಕು, ಫ್ರೀಜರಲ್ಲಿ ಇಡಂಗಿಲ್ಲ. ನಾಲ್ಕು ಜನ ಸೇರಿ ಬಳಸೋ ಫ್ರಿಡ್ಜ್ ಆದ್ರೆ ಮುಚ್ಚಳ ಇರೋ ಡಬ್ಬೀಲಿ ಹೆಸರು ಬರೆದಿಡಿ. ಅಜಥಿಯೋಪ್ರಿನ್ (ಇಮ್ಯೂನಿಟಿ ತಗ್ಗಿಸೋ ಮಾತ್ರೆ) ನುಂಗೋರು ಆಗಾಗ ರಕ್ತದ ಕೌಂಟು, ಲಿವರ್ ಟೆಸ್ಟ್ ಮಾಡಿಸ್ಲೇಬೇಕು, ಕೆಲಸದ ಗಡಿಬಿಡೀಲಿ ಮರೆತು ಹೋಗೋದು ಇದೇ. ಸ್ಟಿರಾಯ್ಡ್ ಕೋರ್ಸ್ ನಡೀತಿದ್ರಂತೂ ಸ್ಟಾಕ್ ಮುಗೀತು ಅಂತ ದಿಢೀರ್ ನಿಲ್ಲಿಸ್ಬೇಡಿ, ಅಪಾಯ, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪಾನೇ ಇಳಿಸ್ಬೇಕು.

ಇನ್ಶೂರೆನ್ಸ್ ವಿಷಯದಲ್ಲಿ ಒಂದು ಮಾತು. ಆಫರ್ ಒಪ್ಕೊಳ್ಳೋ ಮುಂಚೆ ಪಾಲಿಸಿ ಕಾಪಿ ಕಳಿಸಿ ಅಂತ ಕೇಳಿ, ಯಾರು ಬೇಕಾದ್ರೂ ಕೇಳೋ ಪ್ರಶ್ನೆ ಅದು, ಕಾಯಿಲೆ ವಿಷಯ ಎತ್ತೋ ಅಗತ್ಯಾನೇ ಇಲ್ಲ. ಮೊದಲೇ ಇರೋ ಕಾಯಿಲೆಗೆ ಕಾಯೋ ಅವಧಿ ಇದ್ಯಾ, ಅಡ್ಮಿಟ್ ಆಗ್ದೇ ತಗೊಳ್ಳೋ ಇನ್ಫ್ಯೂಷನ್‌ಗೆ ದುಡ್ಡು ಕೊಡ್ತಾರಾ, ಈ ಎರಡನ್ನ ಹುಡುಕಿ ಓದಿ.

ಈಗ ಎಲ್ಲರೂ ಒದ್ದಾಡೋ ವಿಷಯ, ಆಫೀಸಲ್ಲಿ ಹೇಳೋದಾ ಬೇಡ್ವಾ. ನನ್ನ ಅಭಿಪ್ರಾಯ ಕೇಳಿದ್ರೆ ಇಂಟರ್‌ವ್ಯೂನಲ್ಲಿ ಬೇಡ, ಆದ್ರೆ ಸೇರಿದ ಎರಡು ಮೂರು ವಾರದೊಳಗೆ ಮ್ಯಾನೇಜರ್ ಒಬ್ರಿಗೆ ಹೇಳಿಬಿಡಿ, ಅದೂ ಆರಾಮಾಗಿರೋ ದಿನ. ನೋವಲ್ಲಿ ಮುದುಡ್ಕೊಂಡಿರೋವಾಗ ಈ ಕಾಯಿಲೆ ವಿವರಿಸೋಕೆ ಯಾರಿಂದ್ಲೂ ಆಗಲ್ಲ. ಮೊದಲ ಕೆಲಸದಲ್ಲಿ ನಾನು ಪ್ರತಿ ಸಲ "ಸ್ವಲ್ಪ ಹೊಟ್ಟೆ ಸರಿ ಇಲ್ಲ" ಅಂತಾನೇ ಹೇಳ್ತಿದ್ದೆ, ಮೊದಲ ಸಲ ಅಯ್ಯೋ ಪಾಪ ಅಂದ್ರು, ಎರಡನೇ ಸಲ ಹೊರಗಡೆ ತಿನ್ಬೇಡ ಅಂತ ಬುದ್ಧಿ ಹೇಳಿದ್ರು, ಮೂರನೇ ಸಲ ನಂಬ್ಲೇ ಇಲ್ಲ. ತಪ್ಪು ಅವರದ್ದೊಂದೇ ಅಲ್ಲ, ನಾನು ಕಾಯಿಲೆ ಹೆಸರೇ ಹೇಳಿರ್ಲಿಲ್ಲ. ಈಗ ಹೀಗೆ ಹೇಳ್ತೀನಿ: "ಸಾರ್, ನಂಗೆ ಕ್ರೋನ್ಸ್ ಅಂತ ಕರುಳಿನ ಕಾಯಿಲೆ ಇದೆ. ಅಂಟೋದಲ್ಲ, ಟ್ರೀಟ್‌ಮೆಂಟ್ ನಡೀತಿದೆ. ಕೆಲವು ಸಲ ಮೀಟಿಂಗ್ ಮಧ್ಯದಲ್ಲಿ ಎದ್ದು ಹೋಗ್ಬೇಕಾಗತ್ತೆ, ಎಂಟು ವಾರಕ್ಕೊಂದ್ಸಲ ಆಸ್ಪತ್ರೆಗೆ ಹೋಗ್ಬೇಕು, ಡೇಟ್ ಮೊದಲೇ ಹೇಳ್ತೀನಿ." ಅಷ್ಟೇ. ಭೇದಿ, ರಕ್ತ ಇದ್ಯಾವುದರ ವಿವರಾನೂ ಕೊಡ್ಬೇಕಿಲ್ಲ. ಅದೇ ದಿನ ಸಂಜೆ ಎರಡು ಸಾಲು ಮೇಲ್ ಹಾಕಿಡಿ, ಮ್ಯಾನೇಜರ್ ಬದಲಾದ್ರೆ ಅದೇ ಉಪಯೋಗಕ್ಕೆ ಬರತ್ತೆ. ಸೀಟು ಟಾಯ್ಲೆಟ್ ಹತ್ರ ಬೇಕು ಅಂದ್ರೆ ಆಗ್ಲೇ ಕೇಳಿ.

ದಿನದ ಓಡಾಟಕ್ಕೆ, ಸೇರೋ ಮುಂಚೆ ಒಂದಿನ ಆಫೀಸ್ ದಾರೀಲಿ ಸುಮ್ನೆ ಹೋಗಿ ಬನ್ನಿ, ಟಾಯ್ಲೆಟ್ ಎಲ್ಲೆಲ್ಲಿದೆ ನೋಡ್ಕೊಳ್ಳಿ. ಎದ್ದ ತಕ್ಷಣ, ತಿಂಡಿ ತಿಂದ ತಕ್ಷಣ ಕರುಳು ಚುರುಕಾಗೋದು ಸಹಜ, ಅದಕ್ಕೆ ಒಂದು ಗಂಟೆ ಬೇಗ ಏಳಿ, ಆ ಗಲಾಟೆ ಮನೇಲೇ ಮುಗೀಲಿ. ಬ್ಯಾಗಲ್ಲಿ ಒಂದು ಜೊತೆ ಒಳ ಉಡುಪು, ವೆಟ್ ವೈಪ್ಸ್, ಪ್ಲಾಸ್ಟಿಕ್ ಕವರ್, ಓಆರ್‌ಎಸ್ ಪ್ಯಾಕೆಟ್, ಮಾತ್ರೆ. ನನ್ನ ಆ ಪುಟ್ಟ ಪೌಚನ್ನ ತಿಂಗಳುಗಟ್ಲೆ ತೆಗೆಯೋದೇ ಇಲ್ಲ, ಆದ್ರೆ ಅದಿದೆ ಅನ್ನೋ ಧೈರ್ಯಕ್ಕೇ ಹೊಟ್ಟೆ ಎಷ್ಟೋ ಸುಮ್ನಿರತ್ತೆ.

ಆಫೀಸಲ್ಲಿ ತೊಂದ್ರೆ ಆಗ್ಬಾರ್ದು ಅಂತ ದಿನವಿಡೀ ಉಪವಾಸ ಇರೋದು ಮಾತ್ರ ಖಂಡಿತ ಬೇಡ. ನಾನು ಹಾಗೆ ಮಾಡಿ ತೂಕ ಕಳ್ಕೊಂಡೆ, ಸಿಕ್ಕಿದ್ದು ತಲೆಸುತ್ತು. ಕ್ರೋನ್ಸ್ ಇರೋರಿಗೆಲ್ಲ ಒಂದೇ ಡಯಟ್ ಅಂತ ಯಾವುದೂ ಇಲ್ಲ, ಏನು ತಿಂದ್ರೆ ಏನಾಯ್ತು ಅಂತ ಕೆಲವು ವಾರ ಬರೆದಿಡಿ. ಕರುಳು ಕಿರಿದಾಗಿದೆ ಅಂತ ಡಾಕ್ಟರ್ ಹೇಳಿದ್ರೆ ನಾರು ಜಾಸ್ತಿ ಇರೋದು, ಬೀಜ, ಸಿಪ್ಪೆ, ಹಸಿ ತರಕಾರಿ ಬಗ್ಗೆ ಹುಷಾರಾಗಿರಿ. ಸಿಗರೇಟು ಈ ಕಾಯಿಲೇನ ಜಾಸ್ತಿ ಮಾಡತ್ತೆ, ಬ್ರೇಕಲ್ಲಿ ಯಾರು ಕರೆದ್ರೂ ಬೇಡ. ತಲೆನೋವಿಗೆ ಪಕ್ಕದ ಸೀಟೋರು ಕೊಡೋ ಐಬುಪ್ರೊಫೆನ್, ಡೈಕ್ಲೋಫೆನಾಕ್ ತರದ ಮಾತ್ರೆ ಕೆಲವರಿಗೆ ಕಾಯಿಲೆ ಕೆರಳಿಸತ್ತೆ, ಅದರ ಬದಲು ಪ್ಯಾರಸಿಟಮಾಲ್ ತಗೋಬಹುದಾ ಅಂತ ಡಾಕ್ಟರನ್ನ ಕೇಳಿಟ್ಕೊಂಡಿರಿ.

ಸುಸ್ತು ಬಗ್ಗೆ ಯಾರೂ ಹೇಳಲ್ಲ, ನಂಗೆ ನೋವಿಗಿಂತ ಜಾಸ್ತಿ ಕಾಡಿದ್ದು ಅದೇ. ಸೋಮಾರಿತನ ಅಂತ ನಿಮ್ಮನ್ನ ನೀವೇ ಬೈಕೋಬೇಡಿ. ಬಿ12 ಹೀರಿಕೊಳ್ಳೋದು ಸಣ್ಣ ಕರುಳಿನ ಕೊನೇ ಭಾಗ, ತುಂಬಾ ಜನಕ್ಕೆ ಕ್ರೋನ್ಸ್ ಕೂರೋದೂ ಅಲ್ಲೇ, ಹಾಗಾಗಿ ಬಿ12, ಕಬ್ಬಿಣದಂಶ, ವಿಟಮಿನ್ ಡಿ ಟೆಸ್ಟ್ ಮಾಡಿಸಿ, ಕೊರತೆ ಇದ್ರೆ ಸರಿ ಮಾಡಬಹುದು. ಮೊದಲ ತಿಂಗಳು ಸಂಜೆ ಮೇಲೆ ಏನೂ ಒಪ್ಕೋಬೇಡಿ.

ಹೊಸ ಕೆಲಸದ ಟೆನ್ಷನ್‌ಗೂ ಹೊಟ್ಟೆ ಕೆಡತ್ತೆ, ಫ್ಲೇರ್ (ಕಾಯಿಲೆ ಮತ್ತೆ ಕೆರಳೋದು) ಶುರುವಾದ್ರೂ ಕೆಡತ್ತೆ, ಒಳಗಿಂದ ಎರಡೂ ಒಂದೇ ತರ ಅನ್ಸತ್ತೆ. ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಕರುಳಲ್ಲಿ ಉರಿಯೂತ ಇದ್ಯಾ ಅಂತ ತಿಳ್ಕೊಳ್ಳೋಕೆ ಸಹಾಯ ಮಾಡತ್ತೆ, ನೀವೇ ತೀರ್ಮಾನ ಮಾಡಿ ಔಷಧಿ ಬಿಡೋದೂ ಬೇಡ, ಜಾಸ್ತಿ ಮಾಡೋದೂ ಬೇಡ.

ಹೊಟ್ಟೆ ಉಬ್ಬಿ ಜೋರು ನೋವು, ವಾಂತಿ, ಗ್ಯಾಸೂ ಮಲಾನೂ ಹೋಗ್ತಿಲ್ಲ ಅಂದ್ರೆ ಕರುಳು ಕಟ್ಕೊಂಡಿರಬಹುದು, ತಕ್ಷಣ ಎಮರ್ಜೆನ್ಸಿಗೆ ಹೋಗಿ. ಗುದದ್ವಾರದ ಹತ್ರ ಊತ, ಜೊತೆಗೆ ಜ್ವರ ಇದ್ರೂ ಅಷ್ಟೇ, ರಕ್ತ ಜಾಸ್ತಿ ಹೋದ್ರೂ ಅಷ್ಟೇ. ಇಮ್ಯೂನಿಟಿ ತಗ್ಗಿಸೋ ಔಷಧಿ ಮೇಲಿದ್ರೆ ಬರೀ ಜ್ವರಾನೂ ಅದೇ ದಿನ ಡಾಕ್ಟರಿಗೆ ತಿಳಿಸ್ಬೇಕು. ಪ್ರೊಬೇಷನ್ ಮುಗೀಲಿ ಅಂತ ಕಾಯ್ಬೇಡಿ. ಒಂಟಿಯಾಗಿದ್ರೆ ಪಕ್ಕದ ಮನೆಯೋರಿಗೋ ರೂಮ್‌ಮೇಟಿಗೋ ಆಸ್ಪತ್ರೆ ಹೆಸರು, ಡಾಕ್ಟರ್ ನಂಬರ್, ಔಷಧಿ ಪಟ್ಟಿ ಬರೆದು ಒಂದು ಚೀಟಿ ಕೊಟ್ಟಿರಿ, ಅದರದ್ದೇ ಇನ್ನೊಂದು ಕಾಪಿ ಫ್ರಿಡ್ಜ್ ಬಾಗಿಲ ಮೇಲೆ ಅಂಟಿಸಿ.