ವಿಸ್ಕಾನ್ಸಿನ್‌ನ ಅತಿ ಶ್ರೇಷ್ಠ ರನ್ನಿಂಗ್ ಬ್ಯಾಕ್ ಯಾರು? ಈ ವಾದವನ್ನು ನಾನು ನಡೆಸುವ ಬಗೆ

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡವಾದ ಬ್ಯಾಜರ್ಸ್‌ನ ಅಭಿಮಾನಿಗಳು ನಾಲ್ಕು ಜನ ಒಂದೆಡೆ ಕೂತರೆ ಈ ಪ್ರಶ್ನೆ ಏಳದೆ ಇರುವುದಿಲ್ಲ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಪಡೆದು ಎದುರಾಳಿಗಳ ಗೋಡೆಯೊಳಗೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಅಮೆರಿಕದ ಬಹಳಷ್ಟು ಕಾಲೇಜು ತಂಡಗಳಲ್ಲಿ ಈ ಜಾಗಕ್ಕೆ ಒಂದೋ ಎರಡೋ ದೊಡ್ಡ ಹೆಸರು ಇರುತ್ತವೆ. ಜಾರ್ಜಿಯಾದಲ್ಲಿ ಹರ್ಷಲ್ ವಾಕರ್ ಅಂದರೆ ಮಾತು ಅಲ್ಲಿಗೆ ಮುಗಿಯಿತು. ವಿಸ್ಕಾನ್ಸಿನ್ ತಂಡದ ಊರಾದ ಮ್ಯಾಡಿಸನ್‌ನಲ್ಲಿ ಹಾಗಲ್ಲ, ಐದು ಹೆಸರುಗಳಿವೆ, ಐದಕ್ಕೂ ಗಟ್ಟಿ ಆಧಾರವಿದೆ. ಅದಕ್ಕೇ ಇಲ್ಲಿ ವಾದ ಬೇಗ ಕೂಗಾಟಕ್ಕೆ ತಿರುಗುತ್ತದೆ. ಕೂಗಾಟವಾಗದೆ ಒಂದು ತೀರ್ಮಾನಕ್ಕೆ ಬರಲು ನಾನು ಅನುಸರಿಸುವ ಕ್ರಮ ಹೀಗಿದೆ.

ಮೊದಲ ಕೆಲಸ ಪ್ರಶ್ನೆಯನ್ನು ಕಾಗದದ ಮೇಲೆ ಒಂದೇ ವಾಕ್ಯದಲ್ಲಿ ಬರೆದು ಎಲ್ಲರ ಕಣ್ಣಿಗೆ ಬೀಳುವಂತೆ ಇಡುವುದು: "ವಿಸ್ಕಾನ್ಸಿನ್ ಜೆರ್ಸಿ ತೊಟ್ಟು ಆಡಿದ ಎಲ್ಲ ಸೀಸನ್‌ಗಳನ್ನೂ ಸೇರಿಸಿ ನೋಡಿದರೆ ಯಾರು ಮೊದಲು?" ಈ ವಾಕ್ಯ ಇಲ್ಲದಿದ್ದರೆ ಹತ್ತು ನಿಮಿಷದೊಳಗೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಒಳಗೆ ನುಸುಳುತ್ತದೆ. ಒಬ್ಬರು 2021ರಲ್ಲಿ ಜೊನಾಥನ್ ಟೇಲರ್ ಕೋಲ್ಟ್ಸ್ ಪರ ಓಡಿದ 1,811 ಯಾರ್ಡ್ ಎತ್ತುತ್ತಾರೆ. ಇನ್ನೊಬ್ಬರು 1958ರ ಎನ್‌ಎಫ್‌ಎಲ್ ಫೈನಲ್‌ನ ಓವರ್‌ಟೈಮ್‌ನಲ್ಲಿ ಆಲನ್ ಅಮೀಚೀ ಹೊಡೆದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ನೆನಪಿಸುತ್ತಾರೆ. ಎರಡೂ ದೊಡ್ಡ ಸಾಧನೆಗಳೇ. ಆದರೆ ಈ ಪ್ರಶ್ನೆಗೆ ಎರಡೂ ಸಂಬಂಧವಿಲ್ಲ. "ಒಂದೇ ಸೀಸನ್‌ನಲ್ಲಿ ಯಾರು ಶ್ರೇಷ್ಠ" ಅನ್ನುವುದು ಬೇರೆಯದೇ ಪ್ರಶ್ನೆ, ಅದಕ್ಕೆ ಬೇರೆ ಹಾಳೆ ಇಡಬೇಕು.

ಹೆಸರುಗಳು ಐದಕ್ಕಿಂತ ಹೆಚ್ಚಾಗಬಾರದು. ನನ್ನ ಪಟ್ಟಿಯಲ್ಲಿ ಆಲನ್ ಅಮೀಚೀ (1951–54), ರಾನ್ ಡೇನ್ (1996–99), ಮಾಂಟೀ ಬಾಲ್ (2009–12), ಮೆಲ್ವಿನ್ ಗಾರ್ಡನ್ (2011–14), ಜೊನಾಥನ್ ಟೇಲರ್ (2017–19) ಇದ್ದಾರೆ. ಬಿಲ್ಲಿ ಮಾರೆಕ್, ಬ್ರೆಂಟ್ ಮಾಸ್, ಆಂಟನಿ ಡೇವಿಸ್, ಜೇಮ್ಸ್ ವೈಟ್ ಬೇರೆ ಯಾವುದೇ ತಂಡದಲ್ಲಿದ್ದಿದ್ದರೆ ಪಟ್ಟಿಯ ತುದಿಯಲ್ಲಿರುತ್ತಿದ್ದರು. ಇಲ್ಲಿ ಅವರನ್ನು ಸೇರಿಸಿದರೆ ಸಮಯವೆಲ್ಲ ಆರನೆಯ ಸ್ಥಾನದ ಜಗಳಕ್ಕೇ ಹೋಗುತ್ತದೆ.

ಇನ್ನು ಅಂಕಿಗಳು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಸೀಸನ್ ಮುಗಿದ ಮೇಲೆ ನಡೆಯುವ ಬೌಲ್ ಪಂದ್ಯಗಳ ಯಾರ್ಡ್‌ಗಳನ್ನು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಅಧಿಕೃತ ಲೆಕ್ಕಕ್ಕೆ ಸೇರಿಸಲು ಶುರುಮಾಡಿದ್ದು 2002ರಿಂದ. ಅದಕ್ಕೆ ಮೊದಲಿನ ಆಟಗಾರರಿಗೆ ಬೌಲ್ ಪಂದ್ಯ ಲೆಕ್ಕವೇ ಇಲ್ಲ. ಹಾಗಾಗಿ ಎನ್‌ಸಿಎಎ ಪುಸ್ತಕದಲ್ಲಿ ಡೇನ್ ಹೆಸರಿನ ಮುಂದೆ 6,397 ಇದೆ. ವಿಸ್ಕಾನ್ಸಿನ್ ಅಭಿಮಾನಿಗಳು ಹೇಳುವುದು 7,125. ನಡುವಿನ 728 ಯಾರ್ಡ್ ನಾಲ್ಕು ಬೌಲ್ ಪಂದ್ಯಗಳದ್ದು: 1996ರ ಕಾಪರ್ ಬೌಲ್‌ನಲ್ಲಿ 246, 1998ರ ಔಟ್‌ಬ್ಯಾಕ್ ಬೌಲ್‌ನಲ್ಲಿ 36, 1999ರ ರೋಸ್ ಬೌಲ್‌ನಲ್ಲಿ ಮತ್ತೆ 246, 2000ದ ರೋಸ್ ಬೌಲ್‌ನಲ್ಲಿ 200. ಸ್ಯಾನ್ ಡಿಯೇಗೊ ಸ್ಟೇಟ್‌ನ ಡಾನೆಲ್ ಪಂಫ್ರೀ 2016ರಲ್ಲಿ 6,405 ಯಾರ್ಡ್‌ಗೆ ತಲುಪಿ ದಾಖಲೆ ತನ್ನದಾಗಿಸಿಕೊಂಡಾಗ ಅವನ ಬೌಲ್ ಪಂದ್ಯಗಳೆಲ್ಲ ಲೆಕ್ಕದಲ್ಲಿದ್ದವು. ಇದು ಅನ್ಯಾಯ ಅನ್ನುವುದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ.

ನಮ್ಮ ವಾದದಲ್ಲೂ ಇದೇ ತಪ್ಪು ನುಸುಳುತ್ತದೆ. ಟೇಲರ್‌ನ 6,174ನ್ನು ಡೇನ್‌ನ 6,397ರ ಪಕ್ಕಕ್ಕಿಟ್ಟು "ಬರೀ 223 ಕಡಿಮೆ, ಅದೂ ಒಂದು ವರ್ಷ ಕಮ್ಮಿ ಆಡಿ" ಎನ್ನುತ್ತಾರೆ. ಒಂದರಲ್ಲಿ ಬೌಲ್ ಇದೆ, ಇನ್ನೊಂದರಲ್ಲಿ ಇಲ್ಲ. ಆದ್ದರಿಂದ ಹಾಳೆಯಲ್ಲಿ ಎರಡು ಕಾಲಂ ಬೇಕು. ಬೌಲ್ ಸೇರಿಸಿದರೆ ಡೇನ್ 7,125, ಟೇಲರ್ 6,174. ಬೌಲ್ ಬಿಟ್ಟರೆ ಡೇನ್ 6,397, ಟೇಲರ್ 5,745 (ಆರೆಂಜ್ ಬೌಲ್‌ನ 130, ಪಿನ್‌ಸ್ಟ್ರೈಪ್ ಬೌಲ್‌ನ 205, ರೋಸ್ ಬೌಲ್‌ನ 94 ಕಳೆದು). ಯಾವ ಕಾಲಂ ಹಿಡಿದರೂ ಸರಿ, ಇಬ್ಬರಿಗೂ ಅದೇ ಕಾಲಂ ಹಿಡಿಯಬೇಕು.

ಒಟ್ಟು ಯಾರ್ಡ್ ಆದಮೇಲೆ ಒಂದು ಓಟಕ್ಕೆ (ಚೆಂಡು ಹಿಡಿದು ಒಮ್ಮೆ ಓಡಿದ್ದಕ್ಕೆ) ಎಷ್ಟು ಯಾರ್ಡ್ ಎಂಬ ಸರಾಸರಿ. ಗಾರ್ಡನ್ 631 ಓಟಗಳಲ್ಲಿ 4,915, ಅಂದರೆ 7.8. ಟೇಲರ್ 926 ಓಟಗಳಲ್ಲಿ 6.7. ಡೇನ್, ಬೌಲ್ ಸೇರಿಸಿ, 1,220 ಓಟಗಳಲ್ಲಿ 5.8. ಬಾಲ್ 924 ಓಟಗಳಲ್ಲಿ 5,140, ಅಂದರೆ 5.6. ಇದನ್ನು ನೋಡಿದ ಕೂಡಲೇ ಗಾರ್ಡನ್ ಕಡೆಯವರು ಎದ್ದು ನಿಲ್ಲುತ್ತಾರೆ. ಆದರೆ ಸರಾಸರಿ ಒಬ್ಬನ ಕೈಗೆ ಎಂಥ ಚೆಂಡು ಬಂತು ಅನ್ನುವುದನ್ನು ಹೇಳುವುದಿಲ್ಲ. ಗಾರ್ಡನ್‌ನ ಮೊದಲ ವರ್ಷಗಳ ಓಟಗಳಲ್ಲಿ ಜೆಟ್ ಸ್ವೀಪ್ ಬಹಳ. ಚೆಂಡು ಹಿಂದಕ್ಕೆ ಬರುವ ಕ್ಷಣಕ್ಕೆ ಪಕ್ಕದಿಂದ ಪೂರ್ತಿ ವೇಗದಲ್ಲಿ ಓಡಿ ಬಂದು ಅದನ್ನು ಪಡೆದು ಮೈದಾನದ ಅಂಚಿನಲ್ಲಿ ಹಾರಿಹೋಗುವ ಆಟ ಅದು. ಮೂರನೇ ಡೌನ್‌ನಲ್ಲಿ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಎರಡು ಯಾರ್ಡ್ ಬೇಕಾದಾಗ, ಚೆಂಡು ಯಾರಿಗೆ ಹೋಗುತ್ತದೆಂದು ಎದುರಾಳಿಗಳಿಗೆಲ್ಲ ಗೊತ್ತಿರುವಾಗ, ನಡುವೆ ನುಗ್ಗಿ ಮೂರು ಯಾರ್ಡ್ ತಂದವನ ಸರಾಸರಿ ಇಳಿಯುತ್ತದೆ. ತಂಡಕ್ಕೆ ಬೇಕಾಗಿದ್ದು ಅದೇ ಮೂರು ಯಾರ್ಡ್. 250 ಪೌಂಡ್ ದಾಟಿದ ಡೇನ್‌ಗೆ ಸಿಗುತ್ತಿದ್ದ ಕೆಲಸ ಬಹುಪಾಲು ಇಂಥದ್ದೇ.

ಹಾಗೆಂದು ಗಾರ್ಡನ್‌ನ ಅಂಕಿಯನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಅದನ್ನು ನಾನು ಎರಡು ರೀತಿಯಲ್ಲಿ ಒರೆಗೆ ಹಚ್ಚುತ್ತೇನೆ. ಮೊದಲನೆಯದು, ಅವನ ಅತ್ಯುತ್ತಮ ಪಂದ್ಯವನ್ನೇ ತೆಗೆದುಹಾಕಿ ನೋಡುವುದು. 2014ರ ನವೆಂಬರ್ 15ರಂದು ನೆಬ್ರಾಸ್ಕಾ ವಿರುದ್ಧ ಮೂರೇ ಕ್ವಾರ್ಟರ್‌ಗಳಲ್ಲಿ 25 ಓಟ, 408 ಯಾರ್ಡ್. ಆ ವರ್ಷ ಅವನು 343 ಓಟಗಳಲ್ಲಿ 2,587 ಗಳಿಸಿದ. ಆ ಒಂದು ದಿನ ಕಳೆದರೆ 318 ಓಟ, 2,179 ಯಾರ್ಡ್, ಸರಾಸರಿ 6.9. ಅಂದರೆ ಒಂದೇ ದಿನದ ಪವಾಡವಲ್ಲ, ವರ್ಷಪೂರ್ತಿ ಹಾಗೇ ಓಡಿದ್ದಾನೆ.

ಎರಡನೆಯ ಪರೀಕ್ಷೆ ನನಗೆ ಇನ್ನೂ ಇಷ್ಟ. ವಿಸ್ಕಾನ್ಸಿನ್ ಬಗ್ಗೆ ಬೇರೆ ತಂಡದವರು ಯಾವಾಗಲೂ ಹೇಳುವ ಮಾತು: "ಆ ಲೈನ್ ಹಿಂದೆ ಯಾರು ಬೇಕಾದರೂ ಓಡುತ್ತಾರೆ." ಲೈನ್ ಅಂದರೆ ಮುಂದೆ ನಿಂತು ಎದುರಾಳಿಗಳನ್ನು ತಳ್ಳುವ ಸಾಲು. ಹಾಲಿನ ನಾಡಾದ ವಿಸ್ಕಾನ್ಸಿನ್‌ನಲ್ಲಿ ಬೆಳೆದ ಮುನ್ನೂರು ಪೌಂಡ್ ಹುಡುಗರು ದಾರಿ ಬಿಡಿಸುತ್ತಾರೆ ಅನ್ನುವುದು ನಿಜವೇ. ವಿಸ್ಕಾನ್ಸಿನ್ ಆಡುವ ಕಾಲೇಜು ಗುಂಪಾದ ಬಿಗ್ ಟೆನ್‌ನ 2012ರ ಫೈನಲ್‌ನಲ್ಲಿ ನೆಬ್ರಾಸ್ಕಾ ವಿರುದ್ಧ 70–31ರಿಂದ ಗೆದ್ದಾಗ ಗಾರ್ಡನ್ ಒಂಬತ್ತೇ ಓಟಗಳಲ್ಲಿ 216, ಬಾಲ್ 202, ವೈಟ್ 109. ಮೂವರೂ ನೂರು ದಾಟಿದ ದಿನ ಅರ್ಧಕ್ಕಿಂತ ಹೆಚ್ಚು ಶ್ರೇಯ ಲೈನಿಗೆ ಸಲ್ಲಬೇಕು. ಹಾಗಿದ್ದರೆ ಲೈನಿನ ಪಾಲನ್ನು ಬೇರ್ಪಡಿಸುವುದು ಹೇಗೆ? ಅದೇ ವರ್ಷ, ಅದೇ ಲೈನಿನ ಹಿಂದೆ ಓಡಿದ ಜೊತೆಗಾರನ ಸರಾಸರಿ ಹುಡುಕಿ ಪಕ್ಕದಲ್ಲಿ ಬರೆಯುವುದು. 2013ರಲ್ಲಿ ವೈಟ್ 221 ಓಟಗಳಲ್ಲಿ 1,444, ಸರಾಸರಿ 6.5. ಗಾರ್ಡನ್ 206 ಓಟಗಳಲ್ಲಿ 1,609, ಸರಾಸರಿ 7.8. 6.5 ತನಕ ಲೈನು, ಆಟದ ಯೋಜನೆ ಎಲ್ಲ ಸೇರಿ ಕೊಟ್ಟದ್ದು ಎಂದುಕೊಳ್ಳಿ (ವೈಟ್ ಕೂಡ ಸಾಮಾನ್ಯನಲ್ಲ). ಉಳಿದ 1.3 ಗಾರ್ಡನ್‌ನ ಸ್ವಂತ ಗಳಿಕೆ. ಜೊತೆಗಾರನಿಗೆ ಕನಿಷ್ಠ ನೂರು ಓಟವಾದರೂ ಇದ್ದಾಗ ಮಾತ್ರ ಈ ಹೋಲಿಕೆ ನಡೆಯುತ್ತದೆ. ಗೆದ್ದು ಮುಗಿದ ಪಂದ್ಯದ ಕೊನೆಯಲ್ಲಿ ನಾಲ್ಕು ಸಲ ಚೆಂಡು ಹಿಡಿದವನ ಸರಾಸರಿಯಿಂದ ಏನೂ ತಿಳಿಯುವುದಿಲ್ಲ.

ತಂಡದ ಒಟ್ಟು ರಶಿಂಗ್ (ಓಡಿ ಗಳಿಸಿದ) ಯಾರ್ಡ್‌ಗೆ ಹೋಲಿಸಿ ಶೇಕಡಾ ತೆಗೆಯುವವರಿಗೆ ಒಂದು ಎಚ್ಚರಿಕೆ. ಕಾಲೇಜು ಲೆಕ್ಕದಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿದು ಕೆಡವಿದಾಗ ಹೋದ ಯಾರ್ಡ್‌ಗಳನ್ನು ರಶಿಂಗ್‌ನಿಂದಲೇ ಕಳೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಆದ್ದರಿಂದ ಕ್ವಾರ್ಟರ್‌ಬ್ಯಾಕ್ ಹೆಚ್ಚು ಸಲ ಬಿದ್ದ ವರ್ಷ ರನ್ನಿಂಗ್ ಬ್ಯಾಕ್‌ನ ಶೇಕಡಾ ತಾನಾಗಿ ಏರುತ್ತದೆ. ಬ್ಯಾಕ್‌ಗಳ ಮೊತ್ತವನ್ನಷ್ಟೇ ಕೂಡಿ ಭಾಗಿಸಬೇಕು.

ಟಚ್‌ಡೌನ್ ಲೆಕ್ಕ ಬಂದಾಗ ಮಾಂಟೀ ಬಾಲ್ ಮುಂದೆ ಯಾರೂ ನಿಲ್ಲುವುದಿಲ್ಲ. ಒಟ್ಟು 83, ಅದರಲ್ಲಿ ಓಡಿ ಗಳಿಸಿದ್ದು 77. 2011ರಲ್ಲೇ 39 ಟಚ್‌ಡೌನ್ ಗಳಿಸಿ ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಮಾಡಿದ್ದ ದಾಖಲೆಯನ್ನು ಸರಿಗಟ್ಟಿದ. ಆದರೆ ಟಚ್‌ಡೌನ್ ಅವಕಾಶದ ಮೇಲೆ ನಿಂತಿರುವ ಅಂಕಿ. ಆ ವರ್ಷ ಕ್ವಾರ್ಟರ್‌ಬ್ಯಾಕ್ ಆಗಿದ್ದವನು ರಸೆಲ್ ವಿಲ್ಸನ್. ಚೆಂಡು ಗೋಲ್ ಗೆರೆಯ ಹತ್ತಿರಕ್ಕೆ ಮತ್ತೆ ಮತ್ತೆ ಬರುತ್ತಿತ್ತು. ಇದಕ್ಕೆ ನಾನು ಅರ್ಧ ತೂಕವಷ್ಟೇ ಕೊಡುತ್ತೇನೆ. ಬಾಲ್‌ನ ಪರ ನಿಜವಾಗಿ ಗಟ್ಟಿಯಾದ ಅಂಶ ಬೇರೆಯಿದೆ: ಸಾಲಾಗಿ ಮೂರು ರೋಸ್ ಬೌಲ್‌ಗಳಲ್ಲಿ ಅವನು ನೂರು ಯಾರ್ಡ್ ಮುಟ್ಟಿದ, 132, 164, 100. ಮೂರನ್ನೂ ತಂಡ ಸೋತಿತು, ಒಂದರಲ್ಲೂ ತಪ್ಪು ಅವನದಾಗಿರಲಿಲ್ಲ.

ಅಮೀಚೀ ವಿಷಯ ಬಂದಾಗ ಕಿರಿಯರು ಅಂಕಿ ನೋಡಿ ಮೂಗು ಮುರಿಯುತ್ತಾರೆ. ನಾಲ್ಕು ವರ್ಷಕ್ಕೆ 3,212. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ 1954ರಲ್ಲಿ ಬರೀ 641. ವಿಶ್ವನಾಥ್ ಅವರ ಸರಾಸರಿಯನ್ನು ದ್ರಾವಿಡ್ ಅವರದರ ಪಕ್ಕ ಇಟ್ಟು ಮಾತು ಮುಗಿಸುವವರಿಗೆ ನಾವು ಏನು ಹೇಳುತ್ತೇವೋ ಇಲ್ಲೂ ಅದನ್ನೇ ಹೇಳಬೇಕು. 1953ರಲ್ಲಿ ಬದಲಿ ಆಟಗಾರರ ನಿಯಮ ಬಿಗಿಯಾಗಿ, ದಾಳಿ ಮಾಡಿದವರೇ ರಕ್ಷಣೆಗೂ ಮೈದಾನದಲ್ಲಿ ಉಳಿಯಬೇಕಾಯಿತು. ಚೆಂಡು ಹಿಡಿದು ಓಡಿದ ಅಮೀಚೀ ಎದುರಾಳಿಗಳ ಸರದಿ ಬಂದಾಗ ಲೈನ್‌ಬ್ಯಾಕರ್ ಆಗಿ ನಿಲ್ಲುತ್ತಿದ್ದ. ಪಂದ್ಯಗಳೂ ವರ್ಷಕ್ಕೆ ಒಂಬತ್ತು ಹತ್ತು ಮಾತ್ರ. ಈಗ ನಿಯಮಿತವಾಗಿಯೇ ಹನ್ನೆರಡು, ಮೇಲೆ ಬಿಗ್ ಟೆನ್ ಫೈನಲ್, ಬೌಲ್. ಬೇರೆ ಕಾಲದವರನ್ನು ಯಾರ್ಡ್‌ನಿಂದ ಅಳೆಯದೆ ಅವರ ಕಾಲದ ಇತರರಿಗಿಂತ ಎಷ್ಟು ಎತ್ತರದಲ್ಲಿದ್ದರು ಎಂದು ಅಳೆಯುವುದು ನನ್ನ ಪದ್ಧತಿ. ಅಮೀಚೀ ಆಟ ಮುಗಿಸಿದಾಗ ಆ 3,212 ಕಾಲೇಜು ಫುಟ್‌ಬಾಲ್‌ನಲ್ಲೇ ಅತಿ ಹೆಚ್ಚು. ವಿಸ್ಕಾನ್ಸಿನ್‌ಗೆ ಬಂದ ಎರಡೇ ಹೈಸ್ಮನ್‌ಗಳಲ್ಲಿ ಒಂದು ಅವನದು, ಇನ್ನೊಂದು ಡೇನ್‌ನದು.

ವಿಡಿಯೋ ನೋಡುವುದಾದರೆ ಹೈಲೈಟ್ ಬೇಡವೇ ಬೇಡ. ಹೈಲೈಟ್‌ನಲ್ಲಿ ಎಲ್ಲರೂ ಎಂಬತ್ತು ಯಾರ್ಡ್ ಓಡುತ್ತಾರೆ. ಒಬ್ಬೊಬ್ಬರದು ಒಂದು ಪೂರ್ತಿ ಅರ್ಧ ಪಂದ್ಯ ಹಾಕಿ, ಅದೂ ಬಲವಾದ ರಕ್ಷಣೆಯ ಎದುರು. ನೋಡಬೇಕಾದದ್ದು ಮೂರು: ಮೊದಲ ಹೊಡೆತ ಬಿದ್ದ ಮೇಲೆ ಎಷ್ಟು ಯಾರ್ಡ್ ಸಿಕ್ಕಿತು, ಚೆಂಡು ಕೈಜಾರಿತೇ, ಪಾಸ್ ಆಟದಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ನಿಂತನೇ. ಕೊನೆಯದಕ್ಕೆ ಹಳೆಯ ಅಂಕಿ ಎಲ್ಲೂ ಸಿಗುವುದಿಲ್ಲ, ಕಣ್ಣೇ ಗತಿ. ಟೇಲರ್‌ನ ದೊಡ್ಡ ಕೊರತೆ ಕೈಜಾರುವಿಕೆ. ಅವನನ್ನು ಮೆಚ್ಚುವ ನಾನೂ ಅದನ್ನು ಒಪ್ಪಿಯೇ ಮುಂದುವರಿಯಬೇಕು.

ಓಟು ಹಾಕಿಸುವುದು ಚೀಟಿಯಲ್ಲಿ, ಮಾತಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಮೊದಲ ಸ್ಥಾನಕ್ಕೆ ಐದು ಅಂಕ, ಐದನೆಯದಕ್ಕೆ ಒಂದು. ಕೈ ಎತ್ತಿಸಿದರೆ ಗಟ್ಟಿ ದನಿಯವರ ಹಿಂದೆ ಉಳಿದವರೂ ಎತ್ತುತ್ತಾರೆ. ಮೊದಲ ಚೀಟಿಯಲ್ಲಿ ಜನ ತಾವು ಕಾಲೇಜಿನಲ್ಲಿದ್ದಾಗ ಆಡಿದವನ ಹೆಸರನ್ನೇ ಬರೆಯುವುದು ಹೆಚ್ಚು. ಎರಡನೆಯದರಲ್ಲಿ ಅದು ಸ್ವಲ್ಪ ಸಡಿಲುತ್ತದೆ. "ನಾಲ್ಕನೇ ವರ್ಷ ಆಡಿದ್ದರೆ", "ಗಾಯವಾಗದಿದ್ದರೆ" ಅನ್ನುವ ವಾದಗಳಿಗೆ ಅಂಕವಿಲ್ಲ.

ಆ ಕೊನೆಯ ನಿಯಮ ಟೇಲರ್ ಕಡೆಯವರಿಗೆ ಕಹಿಯೇ. ಬೌಲ್ ಸೇರಿಸಿ ಮೊದಲ ಮೂರು ವರ್ಷಕ್ಕೆ ಮಾತ್ರ ನೋಡಿದರೆ ಡೇನ್ 2,109, 1,457, 1,525 ಸೇರಿ 5,091. ಟೇಲರ್ 1,977, 2,194, 2,003 ಸೇರಿ 6,174. ಸಾವಿರಕ್ಕೂ ಹೆಚ್ಚಿನ ಅಂತರ. ಟೇಲರ್ ಪರ ಇದಕ್ಕಿಂತ ಬಲವಾದ ವಾದ ಇಲ್ಲ, ಎದುರು ಕೂತವರಿಗೆ ಇದನ್ನು ನಾನೇ ಎತ್ತಿಕೊಡುತ್ತೇನೆ. ಆದರೂ ನನ್ನ ಚೀಟಿಯಲ್ಲಿ ಮೊದಲ ಹೆಸರು ಡೇನ್‌ನದೇ. 1999ರಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಬ್ರೂಕ್ಸ್ ಬಾಲಿಂಜರ್ ಇನ್ನೂ ಮೊದಲ ವರ್ಷದ ಹುಡುಗ. ಎದುರಾಳಿಗಳು ಓಟ ತಡೆಯಲೆಂದೇ ತುಂಬಿ ನಿಂತರು, ಆದರೂ 2,034 ಬಂತು. ನವೆಂಬರ್ 13ರಂದು ತವರು ಮೈದಾನ ಕ್ಯಾಂಪ್ ರ‍್ಯಾಂಡಲ್‌ನಲ್ಲಿ ಅಯೊವಾ ವಿರುದ್ಧ 216 ಯಾರ್ಡ್ ಓಡಿ ರಿಕಿ ವಿಲಿಯಮ್ಸ್‌ನ 6,279 ಯಾರ್ಡ್‌ಗಳ ಅಂದಿನ ಕಾಲೇಜು ದಾಖಲೆಯನ್ನು ದಾಟಿದ. ಮತ್ತೆ ಆ ಎರಡು ರೋಸ್ ಬೌಲ್‌ಗಳು: ಯುಸಿಎಲ್ಎ ವಿರುದ್ಧ 38–31, ಸ್ಟ್ಯಾನ್‌ಫರ್ಡ್ ವಿರುದ್ಧ 17–9. ಎರಡರಲ್ಲೂ ಗೆಲುವು, ಎರಡರಲ್ಲೂ ಅತ್ಯುತ್ತಮ ಆಟಗಾರ ಅವನೇ. ದೊಡ್ಡ ದಿನದ ಕಾಲಂನಲ್ಲಿ ಟೇಲರ್‌ಗೆ ಒಹಾಯೊ ಸ್ಟೇಟ್ ವಿರುದ್ಧ 2017ರ ಬಿಗ್ ಟೆನ್ ಫೈನಲ್‌ನ 41 ಯಾರ್ಡ್ ಇದೆ, 2019ರ ಫೈನಲ್‌ನ 148 ಕೂಡ ಇದೆ, ಎರಡರಲ್ಲೂ ಸೋಲು. ಗಾರ್ಡನ್‌ಗೆ 2014ರಲ್ಲಿ ಅದೇ ತಂಡದ ಎದುರು 76, ಫಲಿತಾಂಶ 59–0.

ಎರಡನೆಯ ಸ್ಥಾನ ಟೇಲರ್‌ಗೆ, ಮೂರನೆಯದು ಅಮೀಚೀಗೆ, ನಾಲ್ಕು ಗಾರ್ಡನ್, ಐದು ಬಾಲ್. "ಒಂದೇ ಸೀಸನ್" ಹಾಳೆಯಲ್ಲಾದರೆ 2014ರ ಗಾರ್ಡನ್ ಹೆಸರನ್ನು ಮೊದಲು ಬರೆಯಲು ಯಾರ ಜೊತೆಗೂ ವಾದ ಮಾಡಬೇಕಾದ ಅಗತ್ಯವೇ ನನಗೆ ಕಂಡಿಲ್ಲ.