ಓನರ್ ಆಂಟಿಯ ಪತ್ರ ಮತ್ತು ನಮ್ಮ ಬ್ರಿಟನ್ ವೀಸಾ

ಬೆಂಗಳೂರಿನಲ್ಲಿ ಮದುವೆಯಾಗದೆ ಒಟ್ಟಿಗಿರುವವರಿಗೆ ಗುರುತು ಬಿಡದೆ ಬದುಕುವುದು ತಾನಾಗೇ ರೂಢಿಯಾಗುತ್ತದೆ. ಬಾಡಿಗೆ ಅಗ್ರಿಮೆಂಟಿನಲ್ಲಿ ಒಬ್ಬರದೇ ಹೆಸರು. ಊರಿಂದ ಅಮ್ಮ ಬಂದರೆ ಅವನ ಶೂಗಳೆಲ್ಲ ಅಟ್ಟದ ಮೇಲೆ. 2017ರಿಂದ ರಾಜಾಜಿನಗರದ ಮನೆಯಲ್ಲಿ ನಾನೂ ನನ್ನ ಸಂಗಾತಿಯೂ ಹದಿನಾಲ್ಕು ತಿಂಗಳು ಇದ್ದದ್ದು ಹೀಗೇ. ಏಳು ವರ್ಷದ ನಂತರ ಅದೇ ಗುರುತುಗಳನ್ನು ವೀಸಾ ಕೊಡುವ ಬ್ರಿಟನ್ನಿನ ಇಲಾಖೆ, ಹೋಮ್ ಆಫೀಸ್, ಕೇಳಿತು.

ನಾನು ಲೀಡ್ಸ್‌ನಲ್ಲಿ ನರ್ಸ್. 2018ರಲ್ಲಿ ಬಂದೆ, ಐದು ವರ್ಷ ತುಂಬಿದ ಮೇಲೆ ಐಎಲ್‌ಆರ್ ಸಿಕ್ಕಿತು, ಅಂದರೆ ಇಲ್ಲೇ ಕಾಯಂ ಇರಬಹುದು. ಅದಿದ್ದರೆ ಸಂಗಾತಿಯನ್ನು ಕರೆಸಿಕೊಳ್ಳಬಹುದು, ಮದುವೆ ಆಗಿರಲೇಬೇಕು ಅಂತಿಲ್ಲ. ಮೊದಲು ಎರಡು ವರ್ಷ ಒಟ್ಟಿಗೆ ವಾಸವಿದ್ದದ್ದನ್ನು ತೋರಿಸಬೇಕಿತ್ತು. ನಮ್ಮ ಹದಿನಾಲ್ಕು ತಿಂಗಳು ಯಾವ ಮೂಲೆಗೆ? 2024ರ ಜನವರಿ 31ರಿಂದ ಆ ನಿಯಮ ಸಡಿಲವಾಯಿತು. ಮದುವೆಯಂಥದ್ದೇ ಸಂಬಂಧ ಎರಡು ವರ್ಷದಿಂದ ಇದ್ದರೆ ಆಯಿತು, ಒಟ್ಟಿಗೆ ಇಲ್ಲದಿದ್ದರೆ ಯಾಕಿಲ್ಲ ಅಂತ ವಿವರಿಸಬೇಕು. ಖುಷಿಪಡುವಷ್ಟರಲ್ಲಿ, ಏಪ್ರಿಲ್ 11ರಿಂದ ಕರೆಸಿಕೊಳ್ಳುವವರ ಆದಾಯದ ಮಿತಿ ವರ್ಷಕ್ಕೆ 18,600 ಪೌಂಡಿನಿಂದ 29,000ಕ್ಕೆ ಏರಿತು. ನನ್ನ ಸಂಬಳ ಅದಕ್ಕಿಂತ ಮೇಲಿತ್ತು, ಬಚಾವಾದೆ. ಆರು ತಿಂಗಳ ಪೇಸ್ಲಿಪ್, ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಕಡೆಯಿಂದ ಒಂದು ಪತ್ರ. ಈ ಭಾಗ ಒಂದು ಭಾನುವಾರಕ್ಕೆ ಮುಗಿಯಿತು.

ಮುಗಿಯದೆ ಕಾಡಿದ್ದು ರಾಜಾಜಿನಗರ. ಅಗ್ರಿಮೆಂಟ್ ಅವನ ಹೆಸರಲ್ಲಿ, ಕರೆಂಟ್ ಬಿಲ್ ಓನರ್ ಹೆಸರಲ್ಲಿ. ಆ ವಿಳಾಸಕ್ಕೆ ನನ್ನ ಹೆಸರಲ್ಲಿ ಸಿಕ್ಕಿದ್ದು ಎರಡೇ: ಹಳೇ ಸಂಬಳದ ಖಾತೆಯ ಸ್ಟೇಟ್‌ಮೆಂಟ್ ಮತ್ತು ಆನ್‌ಲೈನಲ್ಲಿ ತರಿಸಿದ ಮಿಕ್ಸಿಯ ಬಿಲ್. ಮಿಕ್ಸಿ ಬಿಲ್ಲನ್ನೂ ಹಾಕಿದೆವು.

ಇನ್ನು ಉಳಿದದ್ದು ಓನರ್ ಆಂಟಿ. ಅವರಿಗೆ ಫೋನ್ ಮಾಡಲು ನನಗೆ ಮೂರು ದಿನ ಧೈರ್ಯ ಬರಲಿಲ್ಲ. ನಾವು ಗಂಡ ಹೆಂಡತಿ ಅಂತಲೇ ಹೇಳಿ ಮನೆ ಹಿಡಿದಿದ್ದೆವು. ಕರಿಮಣಿ ಎಲ್ಲಿ ಅಂದಾಗ, ಆಸ್ಪತ್ರೆ ಡ್ಯೂಟಿಗೆ ಹಾಕೋ ಹಾಗಿಲ್ಲ ಆಂಟಿ ಅಂದಿದ್ದೆ. ಈಗ ಎಲ್ಲ ಹೇಳಿ, ನಾವಿಬ್ಬರೂ ಅಲ್ಲಿದ್ದೆವು ಅಂತ ಒಂದು ಪತ್ರ ಬರೆದುಕೊಡಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಂಗೊತ್ತಿತ್ತು ಕಣಮ್ಮ. ರಜಾ ದಿನಾನೂ ಹಾಕ್ತಿರಲಿಲ್ವಲ್ಲ ನೀನು" ಅಂದರು. ಆಮೇಲೆ ಮೆಲ್ಲಗೆ, "ಇದರಿಂದ ನಂಗೇನೂ ತೊಂದ್ರೆ ಆಗಲ್ಲ ತಾನೆ?"

ಪತ್ರ ಬಂತು. ಗೆರೆ ಹಾಳೆಯಲ್ಲಿ ಚಂದದ ಕನ್ನಡ. ಆದರೆ ನಡುವೆ "ಈ ದಂಪತಿಗಳು" ಅಂತ ಬರೆದಿದ್ದರು. ಅರ್ಜಿಯಲ್ಲಿ ಮದುವೆಯಾಗಿಲ್ಲ, ಪತ್ರದಲ್ಲಿ ದಂಪತಿ. ಓದುವ ಅಧಿಕಾರಿಗೆ ಎರಡರಲ್ಲೊಂದು ಸುಳ್ಳು ಅನಿಸುತ್ತದೆ, ಅಲ್ವಾ? ಮತ್ತೆ ಬರೆಸಿದೆವು. ಇಂಗ್ಲಿಷ್ ಅನುವಾದಕ್ಕೆ ಅನುವಾದಕರ ಸಹಿ, ಹೆಸರು, ತಾರೀಕು, ಸಂಪರ್ಕದ ವಿವರ ಎಲ್ಲ ಇರಬೇಕು, ಮರೆಯಬೇಡಿ.

ಇನ್ನೊಂದು ಎಡವಟ್ಟು ಹಳೆಯದು. 2022ರಲ್ಲಿ ಅವನು ವಿಸಿಟರ್ ವೀಸಾದಲ್ಲಿ ಬಂದಿದ್ದ. ಆ ಫಾರಂನಲ್ಲಿ "ಸಿಂಗಲ್" ಅಂತ ಟಿಕ್ ಮಾಡಿ, ನನ್ನನ್ನು ಸುಮ್ನೆ "ಫ್ರೆಂಡ್" ಅಂತ ಬರೆದಿದ್ದ. ಬೆಂಗಳೂರಿನ ಚಾಳಿ! ಹಳೇ ಅರ್ಜಿಗಳು ಅವರ ಹತ್ತಿರ ಇದ್ದೇ ಇರುತ್ತವೆ. ಅವರು ಕಂಡುಹಿಡಿಯುವ ಮೊದಲು ನಾವೇ ಕವರಿಂಗ್ ಲೆಟರ್‌ನಲ್ಲಿ ಯಾಕೆ ಹಾಗೆ ಬರೆದೆವು ಅಂತ ನಾಲ್ಕು ಸಾಲು ಹಾಕಿದೆವು. ನೀವು ಮೊದಲ ಫಾರಂನಿಂದಲೇ ನಿಜ ಬರೆಯಿರಿ.

ದೂರವಿದ್ದ ವರ್ಷಗಳಿಗೆ ವಿಮಾನದ ಟಿಕೆಟ್, ತಿಂಗಳಿಗೊಂದರಂತೆ ಕಾಲ್ ಲಿಸ್ಟ್, ಅವನ ಅಪ್ಪನ ಆಪರೇಷನ್ನಿಗೆ ನಾನು ಕಳಿಸಿದ ದುಡ್ಡಿನ ದಾಖಲೆ ಹಾಕಿದೆವು. ಪ್ರೀತಿಯ ಚಾಟ್‌ಗಳನ್ನು ನೂರು ಪುಟ ತುಂಬಬೇಡಿ. 2019ರಿಂದ ಕೆಲಸದ ಕಡೆ ನನ್ನ ತುರ್ತು ಸಂಪರ್ಕ ಅವನೇ ಅಂತಿದ್ದ ಒಂದು ಹಾಳೆ ಅದಕ್ಕಿಂತ ಜಾಸ್ತಿ ತೂಕದ್ದು ಅಂತ ನನ್ನ ನಂಬಿಕೆ.

ಅವನ ಪಾಲಿಗೆ ಬಂದದ್ದು ಟಿಬಿ ಟೆಸ್ಟ್ ಮತ್ತು ಎ1, ಅಂದರೆ ತೀರಾ ಆರಂಭದ ಮಟ್ಟದ ಇಂಗ್ಲಿಷ್ ಪರೀಕ್ಷೆ. ದಿನವಿಡೀ ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವವನು ಪಕ್ಕದ ಪರೀಕ್ಷಾರ್ಥಿಯ ಜೊತೆ ತಿಂಡಿ ಬಗ್ಗೆ ಮಾತಾಡಿ ಪಾಸಾದ.

ಫೀ ಆಗ 1,846 ಪೌಂಡ್. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಮೊದಲೇ ಕಟ್ಟುವ ಹೆಲ್ತ್ ಸರ್‌ಚಾರ್ಜ್ ಬೇರೆ 3,105. ನಮ್ಮ ದುಡ್ಡಲ್ಲಿ ಐದು ಲಕ್ಷ ದಾಟಿತು. ಊರಲ್ಲಿ ಇಷ್ಟಕ್ಕೆ ಛತ್ರದ ಮದುವೆಯೇ ಆಗುತ್ತಿತ್ತು ಅಂತ ಅವನ ಅಕ್ಕ ಇನ್ನೂ ಆಡಿಕೊಳ್ಳುತ್ತಾರೆ.

ಹದಿಮೂರು ವಾರಕ್ಕೆ ವೀಸಾ ಬಂತು, 33 ತಿಂಗಳಿಗೆ. ಅದು ಮುಗಿಯುವ ಮೊದಲು ಮತ್ತೆ ಅರ್ಜಿ ಹಾಕಬೇಕು. ಈಗ ಬಾಡಿಗೆ ಅಗ್ರಿಮೆಂಟ್, ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ಮನೆ ತೆರಿಗೆ), ಕರೆಂಟ್ ಬಿಲ್ ಎಲ್ಲದರಲ್ಲೂ ಇಬ್ಬರ ಹೆಸರಿದೆ. ಬಂದ ಬಂದ ಹಾಗೆ ಫೈಲಿಗೆ ಹಾಕುತ್ತಿದ್ದೇನೆ.