ಈ ಪುಸ್ತಕ ಯಾವ ಸಾಲಿಗೆ? ಊರಿನ ವಾಚನಾಲಯ ಜೋಡಿಸುವವರಿಗೆ

ಶಿರಸಿ ಕಡೆ ಮಳೆಗಾಲ ಮುಗಿಯಿತೆಂದರೆ ಬೂಷ್ಟು ಹಿಡಿದ ಪುಸ್ತಕಗಳನ್ನೆಲ್ಲ ತೆಗೆದು ಬಿಸಿಲಿಗೆ ಹಾಕಬೇಕು. ಅದು ಸುಲಭ. ವಾಪಸ್ ಕಪಾಟಿಗೆ ಇಡುವಾಗ ತಲೆಬಿಸಿ ಶುರು. ನಮ್ಮೂರ ವಾಚನಾಲಯದಲ್ಲಿ ಈ ಕೆಲಸ ಮಾಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಕಥೆ, ಕಾದಂಬರಿ, ಕವಿತೆ, ನಾಟಕ ಅಂತ ನಾಲ್ಕು ರಾಶಿ ಮಾಡಿ. ಮುಖಪುಟದ ಮೇಲೆ ಏನಿದೆಯೋ ಅದನ್ನೇ ನಂಬಿ. ಯಶವಂತ ಚಿತ್ತಾಲರ ಕಥೆಗಳಲ್ಲಿ ಹನೇಹಳ್ಳಿ ಬರುತ್ತದೆ, ಅದು ಅವರು ಹುಟ್ಟಿದ ಊರು. ಹಾಗಂತ ಅವನ್ನು ನೆನಪಿನ ಬರಹದ ಜೊತೆ ಇಡಬೇಡಿ. ಬರೆದವರು ಕಥೆ ಅಂದರೆ ಅದು ಕಥೆ. ಯಾವ ರಾಶಿಗೂ ಸೇರದ್ದನ್ನು ಬೇರೆ ಇಡಿ, ಸುಮ್ನೆ ಅವಸರ ಮಾಡಬೇಡಿ.

ಈಗ ಆ ಉಳಿದ ರಾಶಿಯಿಂದ ಒಂದು ಯಕ್ಷಗಾನ ಪ್ರಸಂಗ ಎತ್ತಿಕೊಳ್ಳಿ. ಪುಟ ತೆರೆದರೆ ಮೇಲೆ ರಾಗ, ತಾಳದ ಹೆಸರು, ಕೆಳಗೆ ಪದ್ಯ, ನಡುನಡುವೆ ಭಾಮಿನಿ, ವಾರ್ಧಕ, ಕಂದ ಅಂತ ಬೇರೆ ಬೇರೆ ಛಂದಸ್ಸು. ಪೂರ್ತಿ ಪದ್ಯವೇ, ಅಂದಮೇಲೆ ಕವಿತೆ ಅಲ್ವಾ? ಆದರೆ ಭಾಗವತರು ಹಾಡಿದ ಮೇಲೆ ವೇಷಧಾರಿ ಅರ್ಥ ಹೇಳುತ್ತಾರೆ, ರಾತ್ರಿಯಿಡೀ ನಾವು ಕೇಳುವ ಆ ಮಾತೆಲ್ಲ ರಂಗದಲ್ಲೇ ಹುಟ್ಟಿದ್ದು, ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಸರಿ, ನಾಟಕ ಅನ್ನೋಣ ಅಂದರೆ ಅದೇ ಪ್ರಸಂಗ ಇಟ್ಟುಕೊಂಡು ತಾಳಮದ್ದಲೆ ಮಾಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದಷ್ಟೇ. ಒಂದೇ ಪುಸ್ತಕ, ಮೂರು ರೂಪ.

ಇಲ್ಲಿ ಒಳಗೆ ಏನಿದೆ ಅಂತ ಕೇಳುವುದಕ್ಕಿಂತ ಇದನ್ನು ಯಾರು, ಏನೆಂದು ಕೇಳಿ ಒಯ್ಯುತ್ತಾರೆ ಅಂತ ಕೇಳಿ. ನಮ್ಮಲ್ಲಿಗೆ ಬರುವವರು ‘ಪ್ರಸಂಗ ಇದೆಯಾ?’ ಅಂತಲೇ ಕೇಳುತ್ತಾರೆ. ಅದಕ್ಕೆ ಸ್ವಂತ ಸಾಲು ಕೊಟ್ಟೆವು. ಅಂಕೋಲೆಯ ದಿನಕರ ದೇಸಾಯಿಯವರ ಚುಟುಕಗಳು ಕವಿತೆಯೇ ಹೌದು. ಆದರೂ ಕೇಳುವಾಗ ಜನ ಚುಟುಕ ಅನ್ನುತ್ತಾರೆ. ಕವಿತೆಯ ಸಾಲಿನ ತುದಿಯಲ್ಲಿ ಒಂದು ಗೇಣು ಜಾಗ ಸಾಕು.

ಹೊಸ ಸಾಲು ಮಾಡಲು ಹೆದರಬೇಡಿ. ಬನವಾಸಿ ನಮ್ಮ ತಾಲೂಕಿನದೇ. ಆ ನಾಡನ್ನು ಹೊಗಳಿದ ಪಂಪ ಭಾರತದ ಕಥೆ ಬರೆದದ್ದು ಚಂಪೂವಿನಲ್ಲಿ, ಅಂದರೆ ಗದ್ಯ ಪದ್ಯ ಎರಡೂ ಕಲೆಸಿ. ಅದನ್ನು ಪದ್ಯಕ್ಕೆ ಹಾಕಿದರೆ ಗದ್ಯ ಅನಾಥ, ಗದ್ಯಕ್ಕೆ ಹಾಕಿದರೆ ಪದ್ಯ ಅನಾಥ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1933ರಲ್ಲಿ ತಂದ, ಪುಸ್ತಕಗಳಿಗೆ ವಿಷಯದ ಪ್ರಕಾರ ಅಂಕಿ ಕೊಟ್ಟು ಜೋಡಿಸುವ ಕೋಲನ್ ವರ್ಗೀಕರಣದಲ್ಲಿ ಸಾಹಿತ್ಯದೊಳಗೆ ಕಾವ್ಯಕ್ಕೆ 1, ನಾಟಕಕ್ಕೆ 2, ಕಥೆ ಕಾದಂಬರಿಗೆ 3. ಚಂಪೂವಿಗೂ ಅದರಲ್ಲಿ ಬೇರೆಯೇ ಅಂಕಿ ಇದೆ, 7. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು. ನಮ್ಮಲ್ಲಿದ್ದ ಪುಸ್ತಕ ನೋಡಿ ಮನೆ ಕಟ್ಟಿದ್ದಾರೆ, ಮನೆಗೆ ತಕ್ಕ ಹಾಗೆ ಪುಸ್ತಕ ಕತ್ತರಿಸಿಲ್ಲ.

ಆದರೂ ಎರಡು ಕಡೆ ಸಲ್ಲುವ ಪುಸ್ತಕ ಇದ್ದೇ ಇರುತ್ತದೆ. ಒಂದು ಸಾಲಿನಲ್ಲಿ ಪುಸ್ತಕ ಇಡಿ, ಇನ್ನೊಂದರಲ್ಲಿ ಚೀಟಿ. ಹಳೆ ಮದುವೆ ಕಾಗದ ದಪ್ಪ ಇರುತ್ತದೆ, ಅದನ್ನೇ ಉದ್ದಕ್ಕೆ ಕತ್ತರಿಸಿ ಪುಸ್ತಕದ ಹೆಸರು, ಅದಿರುವ ಸಾಲು ಬರೆದು ನಿಲ್ಲಿಸಿ. ಪೆನ್ಸಿಲ್ಲಿನಲ್ಲೇ ಬರೆಯಿರಿ. ಶಾಯಿ ಜಾಸ್ತಿ ಥಂಡಿಗೆ ಹರಡುತ್ತದೆ, ಜಾಗ ಬದಲಿಸಿದಾಗ ಅಳಿಸಲಿಕ್ಕೂ ಬರುವುದಿಲ್ಲ.